ಬಸ್ ಸ್ಟ್ಯಾಂಡಿನ ಗೋಡೆ, ಏಳು ವರ್ಷದ ಕಣ್ಣು

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಮೊನ್ನೆ ಬಸ್ಸಿಗೆ ಕಾಯುತ್ತಿದ್ದಾಗ ಎದುರಿಗಿದ್ದ ದೊಡ್ಡ ಜಾಹೀರಾತು ನೋಡಿ, ‘ಅಮ್ಮಾ, ಆ ಆಂಟಿ ಯಾಕೆ ಬಟ್ಟೆ ಹಾಕ್ಕೊಂಡಿಲ್ಲ? ಯಾಕೆ ಹಾಗೆ ನೋಡ್ತಿದ್ದಾರೆ?’ ಎಂದು ಜೋರಾಗಿ ಕೇಳಿದಳು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ನಾನು ಅವಳ ಕೈ ಹಿಡಿದು ಎಳೆದುಕೊಂಡು ಆಚೆ ಹೋದೆ. ಇದನ್ನೆಲ್ಲ ತಡೆಯೋಕೆ ಕಾನೂನೇ ಇಲ್ಲವಾ? ಮನೆಯಲ್ಲಿ ಹೇಳಿದರೆ ನಮ್ಮ ಯಜಮಾನರು, ‘ಬೇಲೂರಿಗೆ ಕರ್ಕೊಂಡು ಹೋಗ್ತೀಯಲ್ಲ, ಅಲ್ಲೂ ಕಣ್ಣು ಮುಚ್ಚಿಸ್ತೀಯಾ?’ ಅನ್ನುತ್ತಾರೆ.
— ಓದುಗರೊಬ್ಬರು, ಅರಸೀಕೆರೆ

ಉತ್ತರ: ನಿಮ್ಮ ಮಗಳು ಕೇಳಿದ್ದು ಎರಡು ಪ್ರಶ್ನೆ. ಬಟ್ಟೆ ಯಾಕಿಲ್ಲ ಅನ್ನುವುದು ಮೊದಲನೆಯದು, ಯಾಕೆ ಹಾಗೆ ನೋಡ್ತಿದ್ದಾರೆ ಅನ್ನುವುದು ಎರಡನೆಯದು. ದೊಡ್ಡವರು ಮೊದಲನೆಯದಕ್ಕೇ ಗಾಬರಿಯಾಗಿ ಎರಡನೆಯದನ್ನು ಕೇಳಿಸಿಕೊಳ್ಳುವುದೇ ಇಲ್ಲ. ನಿಮ್ಮ ಯಜಮಾನರಿಗೆ ಕೊಡಬೇಕಾದ ಉತ್ತರ ಆ ಎರಡನೆಯದರಲ್ಲೇ ಇದೆ.

ಬೇಲೂರಿಗೆ ಖಂಡಿತ ಕರೆದುಕೊಂಡು ಹೋಗಿ. ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನು ಮಗಳ ಜೊತೆ ಒಬ್ಬೊಬ್ಬರಾಗಿ ನೋಡುತ್ತಾ ಬನ್ನಿ. ಒಬ್ಬಳು ಕನ್ನಡಿ ಹಿಡಿದು ತನ್ನ ಮುಖ ತಾನೇ ನೋಡಿಕೊಳ್ಳುತ್ತಿದ್ದಾಳೆ. ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ನಿಂತಿದ್ದಾಳೆ. ಒಬ್ಬಳಿಗೆ ಗಿಳಿಯ ಸಂಗ, ಮತ್ತೊಬ್ಬಳಿಗೆ ಕುಣಿತದ ಗುಂಗು. ಮೈಮೇಲೆ ಬಟ್ಟೆಗಿಂತ ಒಡವೆಯೇ ಹೆಚ್ಚು, ನಿಜ. ಆದರೆ ಪ್ರತಿಯೊಬ್ಬಳಿಗೂ ಅವಳದೇ ಆದ ಒಂದು ಕೆಲಸವಿದೆ, ಅವಳದೇ ಆದ ಒಂದು ಲೋಕವಿದೆ. ಕೆಳಗೆ ನಿಂತು ನೋಡುವವರ ಗೊಡವೆ ಅವಳಿಗಿಲ್ಲ. ಬಸ್ ಸ್ಟ್ಯಾಂಡಿನ ಚಿತ್ರದಲ್ಲಿರುವವಳಿಗೆ ಮಾಡಲು ಏನೂ ಇಲ್ಲ. ದಾರಿಹೋಕನ ಕಣ್ಣನ್ನು ಹಿಡಿದು ತಂದು ಪಕ್ಕದ ಟೈಲ್ಸಿನ ಮೇಲೋ ಸೆಂಟಿನ ಬಾಟಲಿಯ ಮೇಲೋ ನಿಲ್ಲಿಸುವುದಷ್ಟೇ ಅವಳಿಗೆ ವಹಿಸಿದ ಕೆಲಸ. ಅದಕ್ಕೇ ಅವಳು ‘ಹಾಗೆ’ ನೋಡುತ್ತಿರುವುದು. ಮಗುವಿಗೆ ಅದು ಸರಿಯಾಗಿಯೇ ಕಂಡಿದೆ.

ಬರಿಮೈಯೇ ತಪ್ಪು ಎಂದು ನಾನು ಹೇಳಲಾರೆ. ಎದೆಹಾಲಿನ ಮಹತ್ವ ಹೇಳುವ ಆಸ್ಪತ್ರೆಯ ಪೋಸ್ಟರಿನಲ್ಲೂ, ವಿಜ್ಞಾನದ ಪಾಠದಲ್ಲೂ ಮೈ ಇರುತ್ತದೆ. ಅವುಗಳಿಂದ ಮಕ್ಕಳಿಗೆ ಒಳ್ಳೆಯದೇ ಆಗುತ್ತದೆ. 2007ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ, ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್, ಹೆಣ್ಣುಮಕ್ಕಳನ್ನು ಲೈಂಗಿಕ ವಸ್ತುವಾಗಿಸುವ ಬಗ್ಗೆ ಒಂದು ವರದಿ ಕೊಟ್ಟಿತು. ಅದು ಕೊಡುವ ವ್ಯಾಖ್ಯೆಯಲ್ಲಿ ಬಟ್ಟೆಯ ಅಳತೆಯ ಮಾತಿಲ್ಲ. ವ್ಯಕ್ತಿಯ ಬೆಲೆಯೆಲ್ಲ ಲೈಂಗಿಕ ಆಕರ್ಷಣೆಯಲ್ಲೇ ಇದೆ ಎಂದು ತೋರಿಸುತ್ತಿದ್ದಾರೆಯೇ, ಮನುಷ್ಯಳನ್ನು ಇನ್ನೊಬ್ಬರ ಬಳಕೆಯ ವಸ್ತುವನ್ನಾಗಿ ಮಾಡಿದ್ದಾರೆಯೇ, ವಯಸ್ಸಲ್ಲದ ವಯಸ್ಸಿನಲ್ಲಿ ಅದನ್ನೆಲ್ಲ ಮಗುವಿನ ಮೇಲೆ ಹೇರುತ್ತಿದ್ದಾರೆಯೇ ಎಂದು ಆ ವರದಿ ಕೇಳುತ್ತದೆ. ಇಂಥ ಚಿತ್ರಗಳ ನಡುವೆ ಬೆಳೆಯುವುದಕ್ಕೂ ಹುಡುಗಿಯರಲ್ಲಿ ಕಾಣುವ ಊಟ ಬಿಡುವ ಕಾಯಿಲೆ, ಖಿನ್ನತೆ, ತನ್ನ ಮೈ ಬಗ್ಗೆ ತನಗೇ ಜಿಗುಪ್ಸೆ ಇವಕ್ಕೂ ನಂಟಿದೆ ಎಂದೂ ಅದು ಹೇಳಿತು.

ಹುಡುಗರ ಪಾಡು ಇನ್ನೂ ಯಾರ ಗಮನಕ್ಕೂ ಬಂದ ಹಾಗಿಲ್ಲ. ನಮ್ಮ ಊರುಗಳ ಕಟಿಂಗ್ ಶಾಪಿನಲ್ಲಿ ಚಿಕ್ಕ ಹುಡುಗ ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಹಲಗೆ ಇಟ್ಟು ಕೂರಿಸುತ್ತಾರೆ. ಕತ್ತಿನ ಸುತ್ತ ಬಟ್ಟೆ, ಮುಂದೊಂದು ಕನ್ನಡಿ, ಬೆನ್ನ ಹಿಂದೊಂದು ಕನ್ನಡಿ. ‘ಅಲ್ಲಾಡಬೇಡ ಪುಟ್ಟ’ ಎಂದು ಹೇಳಿಯಾಗಿದೆ. ಹಿಂದಿನ ಗೋಡೆಯ ಈಜುಡುಗೆ ಕ್ಯಾಲೆಂಡರು ಕನ್ನಡಿಯೊಳಗೆ ಕನ್ನಡಿಯಾಗಿ ಸಾಲುಗಟ್ಟಿ ಕಾಣುತ್ತದೆ. ಅಪ್ಪ ಬೆಂಚಿನ ಮೇಲೆ ಪೇಪರ್ ಓದುತ್ತಿರುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ದೊಡ್ಡವರೆಲ್ಲ ಸುಮ್ಮನಿದ್ದಾರೆಂದರೆ ಇದು ಸರಿಯೇ ಇರಬೇಕು ಎಂದು ಆ ಹುಡುಗ ತಿಳಿದುಕೊಂಡರೆ ತಪ್ಪು ಅವನದಲ್ಲ. ಇಂಥ ಕಡೆ ಕಾಯ್ದೆಯ ಮಾತೇ ಬೇಡ. ‘ಅಣ್ಣಾ, ಮಕ್ಕಳು ಬರೋ ಜಾಗ, ಅದೊಂದು ತೆಗೆದುಬಿಡಿ’ ಎಂದು ಅಪ್ಪನಾದವರು ಕೇಳಲಿ. ಅಂಗಡಿಯವರಿಗೂ ಮಕ್ಕಳಿದ್ದಾರೆ.

ಇನ್ನು ಕಾನೂನು. ಮಹಿಳೆಯರ ಅಸಭ್ಯ ನಿರೂಪಣೆ (ನಿಷೇಧ) ಕಾಯ್ದೆ 1986ರಷ್ಟು ಹಳೆಯದು. ಆ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ. ಹೆಣ್ಣಿನ ಮೈಯನ್ನು ಅಸಭ್ಯವಾಗಿ ತೋರಿಸುವುದಷ್ಟೇ ಅಲ್ಲ, ಅವಳನ್ನು ಕೀಳಾಗಿಸುವ ಹಾಗೆ ತೋರಿಸುವುದೂ ಈ ಕಾಯ್ದೆಯ ಪ್ರಕಾರ ಅಪರಾಧ. ಜಾಹೀರಾತು ಎಂದರೆ ಹೋರ್ಡಿಂಗ್ ಮಾತ್ರವಲ್ಲ, ಲೇಬಲ್ಲು, ಮೇಲೆ ಸುತ್ತುವ ಕಾಗದ, ಬೆಳಕಿನಲ್ಲಿ ತೋರಿಸುವ ಚಿತ್ರ ಎಲ್ಲವೂ ಸೇರುತ್ತವೆ. ಒಳಉಡುಪಿನ ಅಂಗಡಿಯ ಮುಂದೆ ಪೇರಿಸಿಟ್ಟ ಡಬ್ಬಗಳ ಮೇಲಿನ ಚಿತ್ರಕ್ಕೂ ಇದು ಅನ್ವಯಿಸುತ್ತದೆ. ಮೊದಲ ಸಲ ಶಿಕ್ಷೆಯಾದರೆ ಎರಡು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದಾದ ಅಪರಾಧ ಇದು. ನಿಮ್ಮ ಯಜಮಾನರಿಗೆ ಇದನ್ನೂ ಹೇಳಿ: ಪುಸ್ತಕ, ಚಿತ್ರ, ಶಿಲ್ಪಗಳ ಬಗ್ಗೆ ಹೇಳುವಾಗ ಅದೇ ಕಾಯ್ದೆ ಪುರಾತನ ಸ್ಮಾರಕಗಳನ್ನೂ ದೇವಸ್ಥಾನಗಳನ್ನೂ, ದೇವರನ್ನು ಎಳೆಯುವ ತೇರನ್ನೂ ಹೆಸರು ಹಿಡಿದು ಹೊರಗಿಟ್ಟಿದೆ. ನಮ್ಮ ತೇರುಗಳ ಮರದ ಕೆತ್ತನೆ ಕಂಡವರಿಗೆ ಅದು ಯಾಕೆಂದು ಗೊತ್ತು.

ಆದರೂ ನನಗೆ ಜೈಲಿನ ದಾರಿಗಿಂತ ಜಾಗದ ದಾರಿಯೇ ಹೆಚ್ಚು ಹಿಡಿಸುತ್ತದೆ. ಯಾವುದು ಅಶ್ಲೀಲ ಎಂದು ವಾದಿಸುತ್ತಾ ಕೂತರೆ ಕೋರ್ಟಿನಲ್ಲಿ ವರ್ಷಗಳು ಕಳೆಯುತ್ತವೆ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವೊಂದರ ಕುರಿತ 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೀ ನಗ್ನತೆಯನ್ನು ಅಶ್ಲೀಲ ಎನ್ನಲಾಗದು, ಇಂದಿನ ಸಮಾಜದ ಮಟ್ಟದಿಂದ ಅಳೆಯಬೇಕು ಎಂದಿತು. ದೊಡ್ಡವರು ತಾವೇ ಕೊಂಡು ಓದುವ ಪತ್ರಿಕೆಯ ವಿಷಯದಲ್ಲಿ ಅದು ಸರಿಯಾದ ಮಾತೇ. ಬಸ್ ಸ್ಟ್ಯಾಂಡಿನಲ್ಲಿ ಮಗುವಿಗೆ ಆಯ್ಕೆ ಎಲ್ಲಿದೆ? ಪತ್ರಿಕೆ ಮುಚ್ಚಿಡಬಹುದು, ಟಿ.ವಿ. ಆರಿಸಬಹುದು, ಗೋಡೆಯನ್ನು ಆರಿಸಲಾಗದು. ಬ್ರಿಟನ್ನಿನಲ್ಲಿ 2011ರಲ್ಲಿ ರೆಗ್ ಬೈಲಿ ಎಂಬವರು ಸರ್ಕಾರಕ್ಕೆ ಕೊಟ್ಟ ವರದಿಯ ನಂತರ, ಲೈಂಗಿಕವಾಗಿ ಕೆರಳಿಸುವ ಜಾಹೀರಾತುಗಳನ್ನು ಶಾಲೆಗಳಿಂದ 100 ಮೀಟರ್ ದೂರವಿಡುವ ಕ್ರಮ ಬಂತು. ನಮಗೂ ಈ ಬಗೆಯ ಲೆಕ್ಕ ಹೊಸದಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ ಶಾಲೆಯ 100 ಗಜದೊಳಗೆ ಬೀಡಿ ಸಿಗರೇಟು ಮಾರುವಂತಿಲ್ಲ. ಅಂಗಡಿಗೆ ಹಾಕಿದ ಗೆರೆಯನ್ನು ಗೋಡೆಗೂ ಹಾಕಲು ನಗರಸಭೆಗೆ ಏನು ಅಡ್ಡಿ? ಹೋರ್ಡಿಂಗಿಗೆ ಪರವಾನಗಿ ಕೊಡುವಾಗಲೇ ಈ ಷರತ್ತನ್ನೂ ಸೇರಿಸಬಹುದು.

ಗೆರೆ ಎಲ್ಲಿ ಎಳೆಯಬೇಕೆಂಬುದಕ್ಕೆ ಒಂದು ಉದಾಹರಣೆ ಇದೆ. 2017ರ ಡಿಸೆಂಬರಿನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಗ್ಗೆ 6ರ ನಡುವೆ ಮಾತ್ರ ತೋರಿಸಿ ಎಂದು ಟಿ.ವಿ. ಚಾನೆಲ್ಲುಗಳಿಗೆ ತಿಳಿಸಿತು. ಕೆಲವೇ ದಿನಗಳಲ್ಲಿ, ಹೆಣ್ಣನ್ನು ಸರಕಾಗಿ ತೋರಿಸದೆ ಆರೋಗ್ಯದ ತಿಳುವಳಿಕೆ ಕೊಡುವ ಜಾಹೀರಾತಿಗೆ ಇದು ಅನ್ವಯಿಸದು ಎಂದು ಸ್ಪಷ್ಟನೆ ಕೊಡಬೇಕಾಯಿತು. ಆ ಸ್ಪಷ್ಟನೆಯೇ ಸರಿಯಾದ ಗೆರೆ. ಯಾವ ವಸ್ತು ಮಾರುತ್ತಿದ್ದಾರೆ ಅನ್ನುವುದು ಮುಖ್ಯವಲ್ಲ, ಯಾರನ್ನು ಮುಂದಿಟ್ಟು ಹೇಗೆ ಮಾರುತ್ತಿದ್ದಾರೆ ಅನ್ನುವುದು ಮುಖ್ಯ.

ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಪೋಸ್ಟರಿಗೆ ಮಸಿ ಬಳಿಯುವ, ಅಂಗಡಿಗೆ ಕಲ್ಲು ಹೊಡೆಯುವ ಗುಂಪುಗಳ ಕೈಗೆ ಈ ದೂರನ್ನು ಕೊಡಬೇಡಿ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರ ಮೇಲೆ ಕೈಮಾಡಿದವರೂ ಸಂಸ್ಕೃತಿ ಉಳಿಸುವ ಮಾತನ್ನೇ ಆಡಿದ್ದರು. ಅಂಥವರ ಸಿಟ್ಟು ಕಡೆಗೆ ಬಂದು ನಿಲ್ಲುವುದು ನಮ್ಮ ಹೆಣ್ಣುಮಕ್ಕಳ ಬಟ್ಟೆಯ ಮೇಲೆ, ಅವರ ಓಡಾಟದ ಮೇಲೆ. ನಿಮ್ಮ ಮಗಳಿಗೆ ಬೇಕಾದದ್ದು ಅದರ ತದ್ವಿರುದ್ಧ: ತನ್ನ ಮೈ ತನ್ನದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂಬ ಧೈರ್ಯ.

ಹಾಗಾಗಿ ಅವಳಿಗೆ ಇನ್ನೂ ಸಿಗದ ಉತ್ತರವನ್ನು ಇವತ್ತು ರಾತ್ರಿ ಊಟ ಮಾಡಿಸುವಾಗಲೇ ಕೊಡಿ, ತಡವೇನೂ ಆಗಿಲ್ಲ. ‘ಅವತ್ತು ಕೇಳಿದೆಯಲ್ಲ ಪುಟ್ಟಿ, ಅದು ಅಂಗಡಿಯವರು ಸಾಮಾನು ಮಾರೋದಕ್ಕೆ ಹಾಕಿರೋ ಚಿತ್ರ. ಜನ ನಿಂತು ನೋಡಲಿ ಅಂತ ಫೋಟೊ ತೆಗೆಯೋರು ಆ ಆಂಟಿಗೆ ಹಾಗೆ ನೋಡೋಕೆ ಹೇಳಿರ್ತಾರೆ. ಮನುಷ್ಯರನ್ನ ಹಾಗೆ ಬಳಸ್ಕೊಳ್ಳೋದು ನನಗೆ ಇಷ್ಟ ಆಗಲ್ಲ’ ಅನ್ನಿ. ಇಷ್ಟು ಸಾಕು. ‘ಛೀ, ನೋಡಬಾರದು’ ಅನ್ನಬೇಡಿ. ಆ ಛೀ ಅವಳಿಗೆ ತಾಗುತ್ತದೆ. ಚಿತ್ರದಲ್ಲಿರುವ ಹೆಂಗಸನ್ನು ಕೆಟ್ಟವಳು ಅನ್ನಬೇಡಿ. ಮುಂದೆ ಇದಕ್ಕಿಂತ ದೊಡ್ಡ ವಿಷಯ, ಯಾರಾದರೂ ಮೈಮುಟ್ಟಿದ ವಿಷಯ, ಹೇಳಿಕೊಳ್ಳಬೇಕಾಗಿ ಬಂದಾಗ ಅಮ್ಮನ ಹತ್ತಿರ ಕೇಳಬಹುದು ಎಂಬ ನಂಬಿಕೆ ಇಂಥ ಸಣ್ಣ ಮಾತುಗಳಿಂದಲೇ ಗಟ್ಟಿಯಾಗುವುದು.

ದೂರು ಕೊಡುವುದಕ್ಕೆ ಮೊದಲು ಆ ಗೋಡೆ ಯಾರದು ಎಂದು ನೋಡಿ. ಬಸ್ ಸ್ಟ್ಯಾಂಡ್ ಸಾರಿಗೆ ಸಂಸ್ಥೆಯದಾದರೆ ಡಿಪೊ ಮ್ಯಾನೇಜರಿಗೂ ವಿಭಾಗೀಯ ನಿಯಂತ್ರಣಾಧಿಕಾರಿಗೂ, ರಸ್ತೆ ಬದಿಯ ಹೋರ್ಡಿಂಗ್ ಆದರೆ ನಗರಸಭೆಯ ಪೌರಾಯುಕ್ತರಿಗೂ ಒಂದು ಪುಟದ ಅರ್ಜಿ ಬರೆಯಿರಿ. ಜಾಗ, ದಿನಾಂಕ, ಫೋಟೊ, ಹತ್ತಿರ ಶಾಲೆಯಿದ್ದರೆ ಅದರ ಹೆಸರು ಇರಲಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ನಾಲ್ಕಾರು ತಾಯಂದಿರ ಸಹಿ ಇದ್ದರೆ ಅರ್ಜಿಗೆ ತೂಕ ಬರುತ್ತದೆ. ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಜಾಹೀರಾತಿನ ಬಗ್ಗೆ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಆನ್‌ಲೈನಿನಲ್ಲೂ ದೂರು ಕೊಡಬಹುದು, ಗ್ರಾಹಕರಿಗೆ ಖರ್ಚಿಲ್ಲ. ದೂರಿಗಾಗಿ ತೆಗೆದ ಫೋಟೊವನ್ನು ವಾಟ್ಸ್ಆ್ಯಪ್ ಗ್ರೂಪುಗಳಿಗೆ ಕಳಿಸಬೇಡಿ, ಬಸ್ ಸ್ಟ್ಯಾಂಡಿನಲ್ಲಿದ್ದದ್ದು ಎಲ್ಲರ ಮನೆಯೊಳಗೂ ಬರುತ್ತದೆ. ಚಿತ್ರದಲ್ಲಿ ಮಗುವನ್ನೇ ಆ ರೀತಿ ಬಳಸಿದ್ದರೆ ಅದು 2012ರ ಪೋಕ್ಸೊ ಕಾಯ್ದೆಗೆ ಬರುತ್ತದೆ. ಆಗ ಫೋಟೊ ತೆಗೆಯಲೂಬೇಡಿ, ಇಟ್ಟುಕೊಳ್ಳಲೂಬೇಡಿ; ಜಾಗದ ಗುರುತು ಹೇಳಿ ನೇರವಾಗಿ ಪೊಲೀಸರಿಗೋ ಮಕ್ಕಳ ಸಹಾಯವಾಣಿ 1098ಕ್ಕೋ ತಿಳಿಸಿ.