ಬೆಳೆಯುತ್ತ ಹೋಗುವ ಅಕ್ವೇರಿಯಂ: ಮನೆಗೂ ಮೈಗೂ ಇರಬೇಕಾದ ಎಚ್ಚರ

ಹಿಡಕಲ್ ಜಲಾಶಯದ ಆಸುಪಾಸಿನ ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಮನೆಗಳಿಗೂ ಈಗ ಬಣ್ಣದ ಮೀನುಗಳು ಬಂದಿವೆ. ಮಕ್ಕಳ ಹಟಕ್ಕೆ ತಂದ ಗಾಜಿನ ಬೋಗುಣಿಯಿಂದ ಆರಂಭವಾಗುವ ಈ ಹವ್ಯಾಸವು ಎರಡು ಅಡಿಯ ತೊಟ್ಟಿಗೆ, ಅಲ್ಲಿಂದ ನಾಲ್ಕು ಅಡಿಯ ತೊಟ್ಟಿಗೆ ಬೆಳೆಯುವುದು ಸಾಮಾನ್ಯವಾಗಿದೆ. ಇದರಿಂದ ಮನಸ್ಸಿಗೆ ಹಿತವಾಗುತ್ತದೆಂಬುದು ಬರಿಯ ನಂಬಿಕೆಯಲ್ಲ. ಇಂಗ್ಲೆಂಡಿನ ಪ್ಲಿಮತ್ ನಗರದ ದೊಡ್ಡ ಮತ್ಸ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೀನುಗಳನ್ನು ನೋಡುತ್ತ ನಿಂತವರ ಹೃದಯಬಡಿತವೂ ರಕ್ತದೊತ್ತಡವೂ ತಗ್ಗಿದುದು ಕಂಡುಬಂದಿತು. ಆದರೆ ಅಲ್ಲಿ ನೋಡುವವರು ಬೇರೆ, ತೊಳೆಯುವವರು ಬೇರೆ. ಮನೆಯಲ್ಲಿ ಎರಡೂ ನಾವೇ ಆದುದರಿಂದ ಆರೋಗ್ಯದ ಮಾತು ಇಲ್ಲಿಂದ ಹುಟ್ಟುತ್ತದೆ.

ಹವ್ಯಾಸ ಬೆಳೆಯಲು ಮೀನುಗಳೇ ಅರ್ಧ ಕಾರಣ. ಗಪ್ಪಿಯು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಸುಮಾರು ತಿಂಗಳಿಗೊಮ್ಮೆ ಹತ್ತಾರು ಮರಿಗಳಾಗುತ್ತವೆ. ಮಿಕ್ಕರ್ಧ ನೀರಿನ ಗುಣ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ವ್ಯವಸ್ಥೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಕಡಿಮೆ ನೀರಿನಲ್ಲಿ ವಿಷ ಬೇಗ ಏರುವುದರಿಂದ ಬೋಗುಣಿಯ ಮೀನು ಬೇಗ ಸಾಯುತ್ತದೆ, ದೊಡ್ಡ ತೊಟ್ಟಿಯದು ತಡೆದುಕೊಳ್ಳುತ್ತದೆ. ದೊಡ್ಡದನ್ನು ಕೊಳ್ಳಬೇಕೆಂಬ ಆಸೆಯಲ್ಲಿ ಅಷ್ಟರಮಟ್ಟಿಗೆ ನ್ಯಾಯವಿದೆಯೆಂದು ನಾವು ಒಪ್ಪುತ್ತೇವೆ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರೆ ಸಾಕು. ತೆಗೆದ ನೀರು ಮಲ್ಲಿಗೆ, ಬಿಲ್ವದ ಗಿಡಗಳಿಗೆ ಒಳ್ಳೆಯ ಗೊಬ್ಬರ. ನಳದ ನೀರಿನ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆಯಾದುದರಿಂದ ಅದನ್ನು ಒಂದು ದಿನ ತೆರೆದ ಬಕೆಟ್ಟಿನಲ್ಲಿಟ್ಟು ಹಾಕಬೇಕು.

ಭಾರವನ್ನು ಮಾತ್ರ ಯಾರೂ ಲೆಕ್ಕಿಸುವುದಿಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 340 ಲೀಟರ್, ಅಂದರೆ 340 ಕಿಲೋ ನೀರು ನಿಲ್ಲುತ್ತದೆ. ಗಾಜು, ಹರಳುಗಳ ತೂಕ ಬೇರೆ. ಟಿ.ವಿ. ಮೇಜು ಇದಕ್ಕೆ ತಕ್ಕುದಲ್ಲ. ಮಾಳಿಗೆ ಹಳೆಯದಾಗಿದ್ದರೆ ಕೆಳಮನೆಯಲ್ಲಿಯೇ ಇಡುವುದು ಲೇಸು. ಬಕೆಟ್ಟು ಎತ್ತುವ ಬೆನ್ನಿಗೂ ಇದೇ ಮಾತು.

ಇನ್ನು ಮುಖ್ಯವಾದುದು ಕೈಯ ಗಾಯ. ಕ್ಷಯರೋಗಾಣುವಿನ ಕುಲಕ್ಕೆ ಸೇರಿದ ಮೈಕೊಬ್ಯಾಕ್ಟೀರಿಯಂ ಮರೀನಮ್ ಎಂಬ ರೋಗಾಣು ಮೀನುಗಳಲ್ಲಿಯೂ ತೊಟ್ಟಿಯ ನೀರಿನಲ್ಲಿಯೂ ಇರಬಲ್ಲದು. ಇದನ್ನು 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮತ್ಸ್ಯಾಲಯದ ಸತ್ತ ಮೀನುಗಳಲ್ಲಿ ಮೊದಲು ಗುರುತಿಸಲಾಯಿತು. ಬೆರಳಿನ ಸಣ್ಣ ಗೀರಿನ ಮೂಲಕ ಒಳಸೇರಿದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಕೆಂಪು ಗಂಟೊಂದು ಏಳುತ್ತದೆ. ಹೆಚ್ಚು ನೋವಿಲ್ಲದಿರಬಹುದು; ಆದರೆ ಮಾಯುವುದಿಲ್ಲ. ಕೆಲವೊಮ್ಮೆ ಒಡೆದು ಹುಣ್ಣಾಗುತ್ತದೆ, ತೋಳಿನುದ್ದಕ್ಕೂ ಸಾಲುಗಂಟುಗಳು ಮೂಡುತ್ತವೆ. ಈ ರೋಗಾಣುವಿಗೆ ತಂಪು ಹಿತವಾದುದರಿಂದ ಕೈಬೆರಳು, ಮೊಣಕೈಗಳಂತಹ ಭಾಗಗಳಲ್ಲಿಯೇ ಹೆಚ್ಚು. ಐದು ದಿನದ ಮಾತ್ರೆಗಳಿಗೆ ಇದು ಬಗ್ಗದು. ಸರಿಯಾದ ಔಷಧವನ್ನು ತಿಂಗಳುಗಟ್ಟಲೆ ಸೇವಿಸಬೇಕಾಗುತ್ತದೆ. ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಮನೆಯಲ್ಲಿ ಮೀನು ಸಾಕಿರುವುದನ್ನು ರೋಗಿಯು ತಾನಾಗಿ ಹೇಳದಿದ್ದರೆ ವೈದ್ಯರಿಗೆ ಹೊಳೆಯುವುದು ಕಷ್ಟ. ಆದುದರಿಂದ ಮಾಯದ ಗಂಟನ್ನು ತೋರಿಸುವಾಗ ಆ ಮಾತನ್ನು ಮೊದಲು ಹೇಳಬೇಕು. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಯನ್ನು ಮುಟ್ಟಬಾರದು. ಮಧುಮೇಹಿಗಳೂ, ಸ್ಟೆರಾಯ್ಡ್ ಸೇವಿಸುವವರೂ ಮೊಣಕೈವರೆಗಿನ ಗ್ಲೌಸ್ ಧರಿಸುವುದು ಅವಶ್ಯ. ನಳಿಕೆಗೆ ಬಾಯಿಯಿಟ್ಟು ನೀರನ್ನು ಎಳೆಯುವುದು, ಫಿಲ್ಟರಿನ ಸ್ಪಂಜನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದು ಎರಡೂ ಕೂಡದು. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಬೇಕು.

ನೀರಿಗೆ ಕೈ ಹಾಕುವ ಮುನ್ನ ಹೀಟರ್, ಪಂಪುಗಳ ಪ್ಲಗ್ಗನ್ನು ಕೀಳುವುದನ್ನು ಮಕ್ಕಳಿಗೂ ರೂಢಿಸಬೇಕು. ವೈರು ಸ್ವಿಚ್ಚಿಗಿಂತ ಕೆಳಗೆ ಜೋತುಬಿದ್ದು ಮೇಲೇರುವಂತಿದ್ದರೆ ಹನಿಯು ಪ್ಲಗ್ಗಿನತ್ತ ಹರಿಯುವುದಿಲ್ಲ.

ಆಹಾರದ ವಿಷಯದಲ್ಲಿ ಸಸ್ಯಾಹಾರಿ ಮನೆಗಳವರು ಹುಳುಗಳನ್ನು ಹಾಕಲು ಹಿಂಜರಿಯುವುದು ಸಹಜ. ಗೋಲ್ಡ್ ಫಿಶ್ ಬೇಯಿಸಿದ ಬಟಾಣಿಯನ್ನೂ ತಿನ್ನುತ್ತದೆ. ಆದರೆ ಅಂಗಡಿಯ ಒಣ ಆಹಾರದಲ್ಲಿ ಬಹುಮಟ್ಟಿಗೆ ಮೀನಿನ ಪುಡಿ ಇರುತ್ತದೆಂಬುದು ತಿಳಿದಿರಲಿ.

ಮರಿಗಳು ಹೆಚ್ಚಾದಾಗ ಜೀವದಯೆಯೆಂದು ಕಾಲುವೆಗೋ ಹಿಡಕಲ್ ಹಿನ್ನೀರಿಗೋ ಬಿಡುವವರಿದ್ದಾರೆ. ಇದು ದಯೆಯಲ್ಲ. ತೊಟ್ಟಿಯ ಪಾಚಿ ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆದು, ದಂಡೆಯಲ್ಲಿ ಬಿಲ ಕೊರೆಯುತ್ತದೆ. ತನ್ನ ಮುಳ್ಳುಗಳಿಂದ ಮೀನುಗಾರರ ಬಲೆಗಳನ್ನು ಹರಿಯುತ್ತದೆ. ಘಟಪ್ರಭೆಗೆ ಬಿದ್ದ ಮೀನು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನೂ ಸೇರಬಲ್ಲದು. ಹೆಚ್ಚಾದ ಮೀನುಗಳನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಬೇಕು. ಗಪ್ಪಿಯು ಸೊಳ್ಳೆಯ ಮರಿಗಳನ್ನು ತಿನ್ನುವುದರಿಂದ, ಹೊರಗೆ ಹರಿದುಹೋಗಲು ದಾರಿಯಿಲ್ಲದ ದನದ ನೀರಿನ ತೊಟ್ಟಿಯಲ್ಲಿ ಅದನ್ನು ಬಿಡಬಹುದು. ಡೆಂಗಿಯ ದಿನಗಳಲ್ಲಿ ಅದು ಉಪಕಾರವೇ.