ಭುಜದ ರಜ್ಜು ಹರಿದಿದೆಯೇ? ಮೊದಲು ಕೈಯನ್ನು ತೂಗಲು ಬಿಡಿ

ಅಂಗಿಯ ತೋಳಿಗೆ ಕೈ ತೂರಿಸುವಾಗ ಚುಳ್ ಎನ್ನುತ್ತದೆ. ಅಟ್ಟದ ಡಬ್ಬಿಗೆ ಕೈ ಚಾಚಿದರೆ ತೋಳು ಅರ್ಧದಲ್ಲೇ ಸೋಲುತ್ತದೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಅಲ್ಲಿಗೇ ಮುಗಿಯಿತು. ಕೊನೆಗೆ ಎಂಆರ್‌ಐ ವರದಿಯಲ್ಲಿ ‘ಟೇರ್’ ಎಂಬ ಪದ ಕಂಡಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹರಿದದ್ದು ಹೊಲಿಯದೆ ಸರಿಹೋದೀತೇ?

ಭುಜದ ಗುಂಡನೆಯ ಮೂಳೆಯನ್ನು ಅದರ ಗೂಡಿನಲ್ಲಿ ಹಿಡಿದಿಡುವುದು ನಾಲ್ಕು ಸ್ನಾಯುಗಳು. ಅವುಗಳ ರಜ್ಜುಗಳು ಒಟ್ಟಾಗಿ ಮೂಳೆಗೆ ಅಂಗಿಯ ಕಫ್‌ನಂತೆ ಸುತ್ತಿಕೊಂಡಿರುವುದರಿಂದ ‘ರೊಟೇಟರ್ ಕಫ್’ ಎಂಬ ಹೆಸರು. ಹೆಚ್ಚಾಗಿ ಹರಿಯುವುದು ಮೇಲ್ಭಾಗದ ರಜ್ಜು. ವಯಸ್ಸಾದಂತೆ ಸವೆದು ಹರಿದದ್ದು ವ್ಯಾಯಾಮದಿಂದ ಮತ್ತೆ ಕೂಡಿಕೊಳ್ಳುವುದಿಲ್ಲ. ಆದರೂ ಹಲವರಲ್ಲಿ ಉಳಿದ ಸ್ನಾಯುಗಳು ಅದರ ಪಾಲಿನ ಕೆಲಸವನ್ನು ಕಲಿಯುತ್ತವೆ, ನೋವು ಇಳಿಯುತ್ತದೆ. ಅಮೆರಿಕದ ವೈದ್ಯರು, ಪೆಟ್ಟಿಲ್ಲದೆ ರಜ್ಜು ಪೂರ್ತಿ ದಪ್ಪಕ್ಕೂ ಹರಿದಿದ್ದ 452 ಮಂದಿಗೆ ಫಿಸಿಯೊಥೆರಪಿ ಕೊಟ್ಟು ನೋಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಕಾಲು ಭಾಗಕ್ಕಿಂತ ಕಡಿಮೆ.

ಪೆಟ್ಟಿಲ್ಲದೆ ಎಂಬ ಮಾತನ್ನು ಗಮನಿಸಿ. ಬಚ್ಚಲಲ್ಲಿ ಜಾರಿಯೋ ಸ್ಕೂಟರಿನಿಂದ ಬಿದ್ದೋ ಅಂದಿನಿಂದಲೇ ಕೈ ಏಳುತ್ತಿಲ್ಲವಾದರೆ ಈ ಲೇಖನ ಬದಿಗಿಟ್ಟು ಆ ವಾರವೇ ಮೂಳೆ ತಜ್ಞರನ್ನು ಕಾಣಿ. ಹಾಗೆ ಹರಿದ ರಜ್ಜುವನ್ನು ಬೇಗ ಹೊಲಿದರೆ ಲಾಭ. ತಿಂಗಳುಗಟ್ಟಲೆ ಬಿಟ್ಟರೆ ರಜ್ಜು ಹಿಂದೆ ಸರಿದು, ಸ್ನಾಯು ಸೊರಗುತ್ತದೆ. ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದು ಹೃದಯದ ತೊಂದರೆಯಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನೊಂದು ಗೊಂದಲ ಮಧುಮೇಹಿಗಳಲ್ಲಿ ಹೆಚ್ಚು. ಬೇರೆಯವರು ಎತ್ತಿದರೂ ಕೈ ಮೇಲೇಳದಿದ್ದರೆ ಅದು ಕೀಲೇ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಇರಬಹುದು. ಅದರ ದಾರಿಯೇ ಬೇರೆ.

ವೈದ್ಯರು ವ್ಯಾಯಾಮಕ್ಕೆ ಒಪ್ಪಿದ ಮೇಲೆ ಈ ಅಳತೆ ನೆನಪಿಡಿ. ನೋವಿಗೆ ಹತ್ತು ಅಂಕ ಎಂದಿಟ್ಟುಕೊಂಡರೆ, ಮಾಡುವಾಗ ಮೂರು–ನಾಲ್ಕು ದಾಟಬಾರದು. ಮರುದಿನ ಬೆಳಿಗ್ಗೆಗೆ ಎಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನ ಅತಿಯಾಗಿದೆ ಎಂದು ತಿಳಿದು ಅರ್ಧಕ್ಕೆ ಇಳಿಸಿ.

ಮೊದಲ ಎರಡು–ಮೂರು ವಾರ: ಸಡಿಲಿಸುವುದು

ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಹೆಸರಿನಲ್ಲಿ ಪ್ರಸಿದ್ಧವಾದ ಲೋಲಕದ ವ್ಯಾಯಾಮದಿಂದ ಶುರುಮಾಡಿ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಸೊಂಟ ಬಾಗಿಸಿ, ನೋವಿನ ಕೈಯನ್ನು ಜೋತುಬಿಡಿ. ನಮ್ಮಲ್ಲಿ ಹಲವರು ತಪ್ಪುವುದು ಇಲ್ಲೇ: ಕೈಯನ್ನೇ ಗರಗರ ತಿರುಗಿಸುತ್ತಾರೆ. ತೂಗಬೇಕಾದದ್ದು ಮೈ, ಕೈ ಬಾವಿಗೆ ಬಿಟ್ಟ ಹಗ್ಗದಂತೆ ಸುಮ್ಮನೆ ಹಿಂಬಾಲಿಸಬೇಕು. ಒಂದೆರಡು ನಿಮಿಷ, ದಿನಕ್ಕೆ ಮೂರು ಸಲ.

ಆಮೇಲೆ ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಕೈಗಳನ್ನಿಟ್ಟು ಒರೆಸುವಂತೆ ಮುಂದಕ್ಕೆ ಜಾರಿಸಿ, ಹತ್ತು ಸಲ. ಅಂಗಾತ ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯ ಬಲದಿಂದಲೇ ಮೇಲಕ್ಕೆತ್ತಿ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸಿ. ತಲುಪಿದ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದಿಡಿ. ಗೋಡೆ ಹಾಳಾಯಿತೆಂದು ಮನೆಯವರು ಬಯ್ದರೆ ಬಯ್ಯಲಿ.

ನಂತರ: ಅಲುಗಾಡದೆ ಬಲ

ಬಾಗಿಲ ಚೌಕಟ್ಟಿನ ಪಕ್ಕ ನಿಂತು ಮೊಣಕೈಯನ್ನು ಪಕ್ಕೆಗೆ ಒತ್ತಿ, ಲಂಬಕೋನಕ್ಕೆ ಮಡಚಿ. ಪಕ್ಕೆ ಮತ್ತು ಮೊಣಕೈ ನಡುವೆ ಸುರುಳಿ ಸುತ್ತಿದ ಟವೆಲ್ ಇರಲಿ. ಅಂಗೈಯ ಹಿಂಭಾಗದಿಂದ ಚೌಕಟ್ಟನ್ನು ಹೊರಕ್ಕೆ ತಳ್ಳಿ, ಐದು ಸೆಕೆಂಡು ಹಿಡಿದು ಬಿಡಿ. ಅರ್ಧ ಶಕ್ತಿ ಸಾಕು, ಹತ್ತು ಸಲ. ಹಾಗೆಯೇ ಅಂಗೈಯಿಂದ ಒಳಕ್ಕೂ ಒತ್ತಿ. ಬೆನ್ನಿನ ಎರಡು ರೆಕ್ಕೆಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವ ಅಭ್ಯಾಸವೂ ಇರಲಿ. ಅವು ಗಟ್ಟಿಯಿಲ್ಲದಿದ್ದರೆ ಭುಜಕ್ಕೆ ನೆಲೆಯೇ ಇಲ್ಲ.

ನೋವು ಇಳಿದ ಮೇಲೆ: ರಬ್ಬರ್ ಪಟ್ಟಿ

ಮೊಣಕೈ ಎತ್ತರಕ್ಕೆ ಕಿಟಕಿಯ ಸರಳಿಗೆ ವ್ಯಾಯಾಮದ ರಬ್ಬರ್ ಪಟ್ಟಿ ಕಟ್ಟಿ. ಟವೆಲ್ ಹಾಗೆಯೇ ಇರಲಿ. ಮುಂಗೈಯನ್ನು ಹೊರಕ್ಕೆ ಎಳೆದು, ಮೂರು ಎಣಿಸುತ್ತಾ ನಿಧಾನ ವಾಪಸು ಬನ್ನಿ. ವಾಪಸು ಬರುವಾಗಿನ ಆ ನಿಧಾನವೇ ಸ್ನಾಯುವಿಗೆ ಪಾಠ. ಪಟ್ಟಿಯನ್ನು ಪಟ್ಟನೆ ಬಿಟ್ಟರೆ ಅರ್ಧ ಶ್ರಮ ದಂಡ. ಒಳ್ಳೆಯ ಮಗ್ಗುಲಿಗೆ ಮಲಗಿ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ಮುಂಗೈ ಎತ್ತುವುದೂ ಇದೇ ಕೆಲಸ ಮಾಡುತ್ತದೆ. ಹತ್ತರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಗೋಡೆಗೆ ಕೈಯೂರಿ ದಂಡ ಹೊಡೆಯುವುದು ಕೊನೆಗೆ.

ಸೂರ್ಯನಮಸ್ಕಾರ ಬಿಡಲೊಲ್ಲದವರಿಗೆ ಒಂದು ಮಾತು: ಚತುರಂಗ ದಂಡಾಸನದಲ್ಲಿ ಮೈಭಾರದ ದೊಡ್ಡ ಪಾಲು ಭುಜಗಳ ಮೇಲೆ ಬೀಳುತ್ತದೆ. ಕೆಲ ತಿಂಗಳು ಅದನ್ನು ತಪ್ಪಿಸಿ. ಬಟ್ಟೆ ಒಣಹಾಕುವ ಹಗ್ಗವನ್ನು ಎದೆಯ ಮಟ್ಟಕ್ಕೆ ಇಳಿಸಿ, ನೀರಿನ ಕೊಡವನ್ನು ಮೈಗೆ ಒತ್ತಿಕೊಂಡೇ ಒಯ್ಯಿರಿ. ರಾತ್ರಿ ಅಂಗಾತ ಮಲಗಿ ತೋಳಿನಡಿ ದಿಂಬಿಟ್ಟರೆ ನಿದ್ದೆ ಬಂದೀತು. ಎಣ್ಣೆ ಹಚ್ಚಿ ಕೈ ಎಳೆದು ‘ಕೂರಿಸುವವರ’ ಬಳಿ ಮಾತ್ರ ಹೋಗಬೇಡಿ. ಇಲ್ಲಿ ಕೀಲು ತಪ್ಪಿಲ್ಲ, ಕೂರಿಸಲು ಏನೂ ಇಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ನೋವನ್ನು ಕೆಲಕಾಲ ತಗ್ಗಿಸುತ್ತದೆ, ಆದರೆ ಪದೇ ಪದೇ ತೆಗೆದುಕೊಂಡರೆ ರಜ್ಜು ಇನ್ನಷ್ಟು ದುರ್ಬಲವಾಗಬಹುದು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆಯೂ ಏರುತ್ತದೆ.

ಈಗಾಗಲೇ ರಜ್ಜು ಹೊಲಿಸಿಕೊಂಡವರಿಗೆ ಈ ವ್ಯಾಯಾಮಕ್ರಮ ಅಲ್ಲ. ಅವರ ಕೈ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಜೋಳಿಗೆಯಲ್ಲಿ (ಸ್ಲಿಂಗ್) ಇರಬೇಕು; ಬಲದ ವ್ಯಾಯಾಮ ಸುಮಾರು ಮೂರು ತಿಂಗಳ ನಂತರ, ಅದೂ ಸರ್ಜನ್ ಹೇಳಿದಾಗ.

ಉಳಿದವರು 12 ವಾರ ಬಿಡದೆ ಮಾಡಿ. ಆಗಲೂ ಪೆನ್ಸಿಲ್ ಗೆರೆ ಮೇಲೇರಿಲ್ಲ, ನೋವು ನಿದ್ದೆ ಕೆಡಿಸುತ್ತಲೇ ಇದೆ ಎಂದಾದರೆ, ಎಂಆರ್‌ಐ ವರದಿಯ ಜೊತೆ ಆ ಗೋಡೆಯ ಫೋಟೊವನ್ನೂ ಸರ್ಜನ್‌ಗೆ ತೋರಿಸಿ.