ಕೋತಿ ಕಾಟಕ್ಕೆ ಏನು ಪರಿಹಾರ?

ಕೋಲಾರದ ಅಂತರಗಂಗೆ ಬೆಟ್ಟದ ಕೋತಿಗಳು ಬಾನೆಟ್ ಮಕಾಕ್ ಜಾತಿಯವು. ಅವನ್ನು ಮನೆಗಳತ್ತ ಸೆಳೆಯುವುದು ಸುಲಭವಾಗಿ ಸಿಗುವ ಆಹಾರ: ಭಕ್ತರು ಕೊಡುವ ಬಾಳೆಹಣ್ಣು, ತೆರೆದ ಕಸ, ಮಹಡಿಯಲ್ಲಿ ಒಣಹಾಕಿದ ಕಡಲೆಕಾಯಿ, ಹಿತ್ತಲ ಮಾವು. ಪರಿಹಾರವೂ ಅಲ್ಲಿಂದಲೇ ಆರಂಭವಾಗಬೇಕು. ಕಸದ ಬುಟ್ಟಿಗೆ, ನೀರಿನ ತೊಟ್ಟಿಗೆ ಬಿಗಿ ಮುಚ್ಚಳ, ಕಿಟಕಿಗೆ ಗಟ್ಟಿ ಜಾಲರಿ ಬೇಕು. ಮಾಡಿಗೆ ಚಾಚಿದ ಕೊಂಬೆಗಳನ್ನು ಸವರಬೇಕು. ಓಡಿಸಲು ಹೊಡೆಯುವ ಪಟಾಕಿಯ ಸದ್ದಿಗೆ ಹಿಂಡು ಬೇಗ ಒಗ್ಗಿಕೊಳ್ಳುತ್ತದೆ. ಹಿಡಿದು ಬೇರೆಡೆ ಬಿಟ್ಟರೂ, ಆಹಾರ ಸಿಗುತ್ತಿದ್ದರೆ ಇನ್ನೊಂದು ಹಿಂಡು ಬರುತ್ತದೆ. ಎದುರಾದಾಗ ದಿಟ್ಟಿಸಬಾರದು, ಹಲ್ಲು ತೋರಿಸಬಾರದು. ಕೋತಿ ಅದನ್ನು ಬೆದರಿಕೆಯೆಂದು ತಿಳಿಯುತ್ತದೆ. ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ರೇಬಿಸ್ ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಕೋತಿ ಹಿಡಿಯುವುದು, ವಿಷವಿಡುವುದು ಅಪರಾಧ. ಮೇಲೆರಗುವ ಕೋತಿಗಳಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.